ಮೊದಲು ಫೋಟೊ, ಆಮೇಲೆ ಕಾರ್ಡು

ಫೋಟೊ ಗಾಡಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಚಿತ್ರದುರ್ಗದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಜಯಕ್ಕಾ, ಏನಾದ್ರೂ ಹೇಳಿಕೊಡ್ರಿ" ಎನ್ನುತ್ತಾರೆ. ಅವರ ಚೀಲದಲ್ಲಿ ತರಬೇತಿಯ ದಪ್ಪ ಪುಸ್ತಕ ಇರುತ್ತದೆ. ನಾನು ಹೇಳುವುದು ಆ ಪುಸ್ತಕದಲ್ಲಿ ಇಲ್ಲದ ಒಂದೇ ಸಂಗತಿ: ಗಾಡಿ ನಿಲ್ಲಿಸಿದ ಮೇಲೆ ಮೇಜನ್ನು ಎಲ್ಲಿ ಹಾಕುತ್ತೀರಿ, ಅದನ್ನು ನೋಡಿಕೊಳ್ಳಿ. ಹುಡುಗಿಯರು ನಗುತ್ತಾರೆ. ನಗಲಿ. ಆ ಮೇಜು ಗಾಡಿಯ ಮುಂಬಾಗಿಲಿಂದ ಹಿಂಬಾಗಿಲಿಗೆ ಹೋಗಲು ನಾನು ಒಂದು ದೊಡ್ಡ ತಪ್ಪು ಮಾಡಬೇಕಾಯಿತು, ಮೂರು ಚೌಕಾಸಿ ಗೆಲ್ಲಬೇಕಾಯಿತು. ನನ್ನ ಸರ್ವೀಸಿನಲ್ಲಿ ನಾನು ಎದೆ ತಟ್ಟಿ ಹೇಳಿಕೊಳ್ಳುವ ಕೆಲಸ ಅದೊಂದೇ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಅದೂ ಗಣಿತದಲ್ಲಿ ಫೇಲು. ಈ ಕೆಲಸಕ್ಕೆ ಬರುವ ಮೊದಲು ಹನ್ನೆರಡು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಸೀರೆ ತಗೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಹಳ್ಳಿಗಳಲ್ಲಿ ನಾನು ಕುಂತೇಳದ ಜಗಲಿ ಕಡಿಮೆ. ಆ ವ್ಯಾಪಾರ ನನಗೆ ಎರಡು ಪಾಠ ಕಲಿಸಿತ್ತು.

ಒಂದು: ಬಾಗಿಲಲ್ಲಿ ನಿಂತು ಮೊದಲು ಸೀರೆ ಕೇಳಬಾರದು. ಮೊದಲು ಪಾತ್ರೆಯನ್ನು ಅವಳ ಕೈಗೆ ಕೊಡಬೇಕು. ಅವಳು ಅದನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಬೇಕು, ತಳದಲ್ಲಿ ಮುಖ ನೋಡಿಕೊಳ್ಳಬೇಕು, ಒಳಗೆ ಒಯ್ದು ಅತ್ತೆಗೆ ತೋರಿಸಬೇಕು. ಆಮೇಲೆ ಸೀರೆ ತಾನಾಗಿ ಹೊರಗೆ ಬರುತ್ತದೆ.

ಇನ್ನೊಂದು: ಒಳಗೆ ಹೋದವಳು ಬೇಗ ಬಂದು ಸೀರೆಯನ್ನು ನನ್ನ ಮುಂದೆ ಎಸೆದರೆ ಅದು ಅವಳದೇ ಸೀರೆ. ತಡವಾಗಿ ಬಂದು, ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ ಕೊಟ್ಟರೆ ಅದು ಅತ್ತೆಯದೋ ಓರಗಿತ್ತಿಯದೋ. ಅಂಥ ಸೀರೆ ಮುಟ್ಟಬಾರದು. ಮುಟ್ಟಿದರೆ ಮುಂದಿನ ವಾರ ಆ ಬೀದಿಯಲ್ಲಿ ಜಗಳ ಕಾದಿರುತ್ತದೆ.

ಒಂದು ದಿನ ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದೆ. ಬಿಳಿ ಬಸ್ಸೊಂದು ಬಂದು ಕಟ್ಟೆಯ ಮುಂದೆ ನಿಂತಿತು. ಮೇಲೆ ಮೈಕು. 'ಮಹಿಳೆಯರೇ, ಸ್ತನ ಕ್ಯಾನ್ಸರ್ ತಪಾಸಣೆಗೆ ಬನ್ನಿ' ಎಂದು ಒಂದು ಗಂಡು ದನಿ ಊರಿಗೆಲ್ಲ ಕೇಳುವಂತೆ ಕೂಗಿತು. ಬೀದಿಯಲ್ಲಿದ್ದ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡರು. ನನ್ನ ಗಿರಾಕಿಗಳೂ ಹೋದರು. ಸಿಟ್ಟು ಬಂದು ಬಸ್ಸಿನ ಹತ್ತಿರ ಹೋದೆ. ಕನ್ನಡಕ ಹಾಕಿದ ಡಾಕ್ಟರಮ್ಮ ಒಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು.

"ಏನ್ ಮೇಡಂ, ಕಟ್ಟೆ ತುಂಬ ಗಂಡಸ್ರು ಕುಂತವ್ರೆ. ಅವ್ರ ಎದುರಿಗೆ ಬಾಗ್ಲು ತೆಗ್ದಿಟ್ಟು ಮೈಕಲ್ಲಿ ಕರುದ್ರೆ ಯಾವ ಹೆಂಗ್ಸು ಹತ್ತಾಳು? ಗಾಡಿನ ಸ್ಕೂಲ್ ಹಿಂದಕ್ಕೆ ಹಾಕ್ಸಿ, ಬಾಗ್ಲು ಗೋಡೆ ಕಡೆ ಇರ್ಲಿ. ಆ ಮೈಕ್ ನಿಲ್ಸಿ. ಉಳ್ದಿದ್ದು ನಾನ್ ನೋಡ್ಕಂತೀನಿ."

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಹೆಂಗಸರನ್ನು ಹತ್ತಿಸಿದ್ದೆ. ಆ ಡಾಕ್ಟರು ಶೈಲಜಾ ಮೇಡಂ. "ನಮ್ಮ ಜೊತೆ ಕೆಲಸಕ್ಕೆ ಬರ್ತೀರಾ?" ಎಂದರು. "ದಿನಗೂಲಿನೋ, ತಿಂಗಳ ಸಂಬಳನೋ?" ಎಂದು ಕೇಳಿದೆ. ಅವರು ನಕ್ಕರು. ನಾನು ನಗಲಿಲ್ಲ. ತಿಂಗಳ ಸಂಬಳಕ್ಕೇ ಒಪ್ಪಿಸಿ, ಬುಟ್ಟಿಯನ್ನು ಅಟ್ಟಕ್ಕೆ ಹಾಕಿದೆ.

ಗಾಡಿಯ ಕೆಲಸವನ್ನು ಒಂದು ಮಾತಲ್ಲಿ ಹೇಳುತ್ತೇನೆ. ಒಳಗೊಂದು ಯಂತ್ರ. ಎರಡು ಹಲಗೆಯ ನಡುವೆ ಸ್ತನವನ್ನು ಒತ್ತಿ ಎಕ್ಸರೇ ಫೋಟೊ ತೆಗೆಯುತ್ತಾರೆ. ಒಂದು ನಿಮಿಷ ನೋವು, ಅಷ್ಟೇ. ತೆಗೆಯುವವಳು ನಸ್ರೀನ್. ಅವಳ ಕೈ ಎಷ್ಟು ಮೆತ್ತಗೆ ಎಂದರೆ, ಅಳುತ್ತ ಹತ್ತಿದವರು ಅವಳ ಮದುವೆ ಯಾವಾಗ ಎಂದು ವಿಚಾರಿಸುತ್ತ ಇಳಿಯುತ್ತಿದ್ದರು. ಫೋಟೊ ನೋಡಿ ವರದಿ ಬರೆಯುವವರು ಶೈಲಜಾ ಮೇಡಂ. ಅನುಮಾನ ಬಂದರೆ ಆ ಹೆಂಗಸನ್ನು ಚಿತ್ರದುರ್ಗಕ್ಕೆ ಕರೆಸಿ ಮುಂದಿನ ಪರೀಕ್ಷೆ. ಕರೆತರುವುದು ನನ್ನ ಕೆಲಸ. ಹತ್ತಿಸುವುದಕ್ಕಿಂತ ಕರೆತರುವುದು ಹತ್ತು ಪಾಲು ಕಷ್ಟ.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಬೆಂಗಳೂರಿನ ಆಫೀಸಿನಿಂದ ಹೊಸ ಮ್ಯಾನೇಜರು ಬಂದರು, ಪ್ರಭಾಕರ್ ಸರ್. ಇಸ್ತ್ರಿ ಅಂಗಿ, ನೆಟ್ಟಗಿನ ಮಾತು, ಕೆಟ್ಟ ಮನುಷ್ಯ ಅಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಬಿಪಿಎಲ್ ಕಾರ್ಡು ಇದ್ದವರಿಗೆ ಆರೋಗ್ಯ ಕಾರ್ಡು ಸಿಗುತ್ತದೆ, ಆರೋಗ್ಯ ಕಾರ್ಡು ಇದ್ದರೆ ಕಾಯಿಲೆ ಸಿಕ್ಕ ಮೇಲೆ ಚಿಕಿತ್ಸೆಗೆ ದಾರಿ ಇದೆ. ಯಾರಿಗೆ ಯಾವ ಕಾರ್ಡು ಇದೆ ಎಂದು ಮೊದಲೇ ಗೊತ್ತಿದ್ದರೆ ಮುಂದಿನ ಕೆಲಸ ಸಲೀಸು. ಆದ್ದರಿಂದ ಹತ್ತುವ ಮೊದಲೇ ಕಾರ್ಡು ನೋಡಿ ಬರೆದುಕೊಳ್ಳಿ ಎಂದರು. ನನಗೊಂದು ಮಡಚುವ ಮೇಜು, ಕುರ್ಚಿ, ರಿಜಿಸ್ಟರು, ಒಂದು ರಬ್ಬರ್ ಸೀಲು ಬಂತು.

ನಿಜ ಹೇಳುತ್ತೇನೆ, ನನಗೆ ಜಂಬ ಬಂತು. ಹನ್ನೆರಡು ವರ್ಷ ನೆಲದ ಮೇಲೆ ಕುಳಿತು ವ್ಯಾಪಾರ ಮಾಡಿದವಳು ಕುರ್ಚಿಯ ಮೇಲೆ ಕುಳಿತು ಸೀಲು ಒತ್ತಲು ಶುರುಮಾಡಿದೆ. ಕಾರ್ಡಿಲ್ಲದವರಿಗೆ ಫೋಟೊ ಇಲ್ಲ ಎಂದು ಪ್ರಭಾಕರ್ ಸರ್ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆದರೆ ಬಾಗಿಲ ಮುಂದೆ ಮೇಜು ಹಾಕಿ, ಕುಳಿತವಳು ಕೈ ಚಾಚಿ "ಕಾರ್ಡು" ಎಂದರೆ, ಎದುರು ನಿಂತವಳಿಗೆ ಇನ್ನೇನು ಅನ್ನಿಸುತ್ತದೆ?

ಕಾರ್ಡು ಎಂದರೆ ಒಂದು ತರಹ ಅಲ್ಲ, ಅದನ್ನೂ ತಿಳಿದುಕೊಳ್ಳಿ. ಹಿರಿಯೂರಿನ ಹತ್ತಿರ ಒಂದು ಬಟ್ಟೆ ಕಾರ್ಖಾನೆಯ ಹೆಂಗಸರ ಕೊರಳಲ್ಲೇ ವಿಮೆಯ ಕಾರ್ಡು ನೇತಾಡುತ್ತಿತ್ತು. ಆದರೂ ಒಬ್ಬಳೂ ಗಾಡಿಗೆ ಬರಲಿಲ್ಲ. ಕಾರ್ಡು ಇತ್ತು, ರಜೆ ಇರಲಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ, ಊಟದ ಬಿಡುವಿನಲ್ಲಿ ಗೇಟಿನ ಒಳಗೇ ಗಾಡಿ ನಿಲ್ಲಿಸುತ್ತೇನೆ, ನಿಮ್ಮ ಮನೆಯವರನ್ನೂ ಕರೆತನ್ನಿ, ಮೊದಲ ಫೋಟೊ ಅವರದೇ ಎಂದೆ. ಆತ ಹೆಂಡತಿಯನ್ನು ಕರೆತಂದ. ಹಿಂದೆಯೇ ಇಡೀ ಲೈನು ಬಂತು. ಒಬ್ಬ ಮೇಷ್ಟರ ಹೆಂಡತಿ ಹೊಸದಾಗಿ ಖಾಸಗಿ ಪಾಲಿಸಿ ಮಾಡಿಸಿದ್ದರು. ಈಗ ಏನಾದರೂ ಸಿಕ್ಕರೆ ಪಾಲಿಸಿಯವರು ಹಳೇ ಕಾಯಿಲೆ ಅಂದುಬಿಡುತ್ತಾರೆ ಎಂದು ಪರೀಕ್ಷೆಯನ್ನೇ ಮುಂದಕ್ಕೆ ಹಾಕುತ್ತಿದ್ದರು. "ಮೇಡಂ, ಕಾಯಿಲೆ ನಿಮ್ ಪಾಲಿಸಿ ಓದ್ಕಂಡು ಬರಲ್ಲ" ಎಂದೆ. ಆ ವರ್ಷ ಬರಲಿಲ್ಲ. ಮರುವರ್ಷ ಬಂದರು. ಏನೂ ಇರಲಿಲ್ಲ, ಅದು ಅವರ ಪುಣ್ಯ. ಕಾರ್ಡು ಇದ್ದವರೂ ಹೆದರುತ್ತಾರೆ, ಇಲ್ಲದವರೂ ಹೆದರುತ್ತಾರೆ. ಹೆದರಿಕೆಯ ಬಣ್ಣ ಮಾತ್ರ ಬೇರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಹೊರಕೆರೆದೇವಪುರದಲ್ಲಿ ಕ್ಯಾಂಪು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬಳು ಬಂದಳು. ನಲವತ್ತೈದು ದಾಟಿರಬಹುದು. ಎತ್ತರ, ಬಿಸಿಲಿಗೆ ಬೆಂದ ಮೈ, ಹೆಗಲ ಮೇಲೆ ಕರಿ ಕಂಬಳಿ, ಮೊಣಕೈ ತನಕ ಹಸಿರು ಹಚ್ಚೆ. ಕುರಿ ಮೇಯಿಸುವವರ ಹೆಂಗಸು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಕಾರ್ಡು ಕೊಡಮ್ಮ."

"ಕಾರ್ಡಿಲ್ಲ ಕಣಕ್ಕ. ಇತ್ತು, ನನ್ ಹೆಸ್ರು ತೆಗ್ದಾಕವ್ರೆ. ಹೆಬ್ಬೆಟ್ಟು ಕೊಡಾಕೆ ಕರ್ದಾಗ ನಾವು ಕುರಿ ಹಿಂದೆ ಹೋಗಿದ್ವಿ."

"ಹಂಗಾದ್ರೆ ಆರೋಗ್ಯ ಕಾರ್ಡೂ ಇಲ್ವಾ?"

"ಅದು ಹೋದ್ಮೇಲೆ ಇದೆಲ್ಲಿಂದ ಬತ್ತೈತೆ?"

ಹಿಂದೆ ಸಾಲು ಬೆಳೆಯುತ್ತಿತ್ತು. "ಕಾರ್ಡ್ ತಗಂಡ್ ಬಾರಮ್ಮ, ಗಾಡಿ ನಾಕ್ ಗಂಟೆವರ್ಗೂ ಇರ್ತೈತೆ" ಎಂದು ಮುಂದಿನವಳಿಗೆ ಕೈ ಚಾಚಿದೆ. ಇಲ್ಲದ ಕಾರ್ಡನ್ನು ಅವಳು ಎಲ್ಲಿಂದ ತರುತ್ತಾಳೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವಳು ಸ್ವಲ್ಪ ಹೊತ್ತು ಗಾಡಿಯ ಬಾಗಿಲನ್ನೇ ನೋಡಿ, ಹೊರಟು ಹೋದಳು.

ಮೂರೂವರೆಗೆ ಬಂದಳು. ಬೆವೆತಿದ್ದಳು, ದೂರ ನಡೆದಿದ್ದಳು. ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, ಕಾರ್ಡು ಕೊಟ್ಟಳು.

"ಹೆಸ್ರು?"

ಅವಳು ನೆಲ ನೋಡಿದಳು. ಆಮೇಲೆ ಮೆಲ್ಲಗೆ, "ತಿಪ್ಪಮ್ಮ" ಎಂದಳು.

ಕಾರ್ಡಿನಲ್ಲಿದ್ದ ಮುಖ ದುಂಡಗಿತ್ತು. ಎದುರಿಗಿದ್ದ ಮುಖ ಉದ್ದ. ಹಳೇ ಫೋಟೊ ಇರಬೇಕು ಎಂದುಕೊಂಡು ಸೀಲು ಒತ್ತಿದೆ. ಅತ್ತೆಯ ಸೀರೆಯನ್ನು ಹತ್ತು ಮಾರು ದೂರದಿಂದ ಗುರುತು ಹಿಡಿಯುತ್ತಿದ್ದ ನಾನು, ಕುರ್ಚಿಯ ಮೇಲೆ ಕುಳಿತು ಕುರುಡಿಯಾಗಿದ್ದೆ.

ಹತ್ತು ದಿನದ ಮೇಲೆ ವರದಿ ಬಂತು. ತಿಪ್ಪಮ್ಮ, ಬಲಗಡೆ ಅನುಮಾನದ ಗಂಟು. ಕೂಡಲೇ ಕರೆಸಿ ಎಂದು ಶೈಲಜಾ ಮೇಡಂ ಕೆಂಪು ಗೆರೆ ಎಳೆದಿದ್ದರು. ಕಾರ್ಡಿನ ಜೊತೆ ಬರೆದುಕೊಂಡಿದ್ದ ನಂಬರಿಗೆ ಫೋನು ಮಾಡಿದೆ. ತಿಪ್ಪಮ್ಮ ಗಂಡನ ಜೊತೆ ಚಿತ್ರದುರ್ಗಕ್ಕೆ ಬಂದಳು. ನಾನು ಬೇರೆ ಊರಿನ ಕ್ಯಾಂಪಿನಲ್ಲಿದ್ದೆ. ಅಲ್ಲೇ ಮತ್ತೆ ಫೋಟೊ ತೆಗೆದರು. ಏನೂ ಇಲ್ಲ. ಗಂಡ ಹೆಂಡತಿ ಬಸ್ಸು ಹತ್ತಿ ಊರಿಗೆ ಹೋದರು. ಸಂಜೆ ನಾವು ವಾಪಸು ಬಂದಾಗ ಮೇಡಂ ನನ್ನನ್ನೂ ನಸ್ರೀನಳನ್ನೂ ಒಳಗೆ ಕರೆದರು. ಪರದೆಯ ಮೇಲೆ ಎರಡು ಫೋಟೊ ಅಕ್ಕಪಕ್ಕ ಇಟ್ಟಿದ್ದರು.

"ಜಯಮ್ಮ, ಇವೆರಡೂ ಒಬ್ಬಳವಲ್ಲ."

"ಮಷೀನಿನ ತಪ್ಪಾ ಮೇಡಂ?"

"ಮಷೀನು ಸುಳ್ಳು ಹೇಳಲ್ಲ. ಆ ಗಂಟು ನಿಜ. ಅದು ಯಾರ ಮೈಯಲ್ಲಿದೆ ಅನ್ನೋದೇ ನಮಗೆ ಗೊತ್ತಿಲ್ಲ."

ನಸ್ರೀನ್ ಮೇಡಂಗೆ ಕೇಳಿದಳು, "ಇವತ್ತು ಬಂದೋರಿಗೆ ಕೈ ಮೇಲೆ ಹಚ್ಚೆ ಇತ್ತಾ?" ಇರಲಿಲ್ಲ ಎಂದರು ಮೇಡಂ. "ಹಂಗಾದ್ರೆ ಅವತ್ತಿನೋಳು ಬೇರೆ, ಜಯಕ್ಕಾ. ಕೊನೇಲಿ ಬಂದ್ಳಲ್ಲ, ಕಂಬಳಿಯೋಳು. ಕೈ ತುಂಬ ಹಚ್ಚೆ ಇತ್ತು."

ನನ್ನ ಕಣ್ಣ ಮುಂದೆ ಆ ಎರಡು ಕೈ ಬಂದವು. ಎಲ್ಲೋ ಒಬ್ಬಳು ಎದೆಯಲ್ಲಿ ಗಂಟು ಇಟ್ಟುಕೊಂಡು ಕುರಿ ಹಿಂದೆ ನಡೆಯುತ್ತಿದ್ದಾಳೆ. ಅವಳಿಗೆ ಸುದ್ದಿ ಮುಟ್ಟಿಲ್ಲ. ಮುಟ್ಟದಂತೆ ಮಾಡಿದ್ದು ನನ್ನ ಮೇಜು. ದಿನ ಹೋದಷ್ಟೂ ಗಂಟು ಬೆಳೆಯುತ್ತದೆ. ಆ ರಾತ್ರಿ ಅಟ್ಟದಿಂದ ಹಳೇ ಬುಟ್ಟಿ ಇಳಿಸಿದೆ.

ಬುಟ್ಟಿ ಯಾಕೆ ಎಂದು ಕೇಳಬೇಡಿ, ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಸುಳ್ಳು ಕಾರ್ಡು ಕೊಟ್ಟ ಮನೆಗೆ ಫೈಲು ಹಿಡಿದು ಹೋದರೆ ಬಾಯಿ ಹೊಲಿದುಕೊಳ್ಳುತ್ತಾರೆ. ನಾನು ಬೆಳಿಗ್ಗೆ ಪಾತ್ರೆ ಜಯಮ್ಮನಾಗಿ, ಕಾರ್ಡಿನ ವಿಳಾಸ ಹಿಡಿದು, ತಿಪ್ಪಮ್ಮನ ಹಟ್ಟಿಗೆ ಹೋದೆ. ಅವಳ ಜಗಲಿಯಲ್ಲಿ ಬುಟ್ಟಿ ಇಳಿಸಿ, ಏನೂ ಕೇಳದೆ, ಒಂದು ಸ್ಟೀಲ್ ಚೆಂಬನ್ನು ಅವಳ ಕೈಗೆ ಕೊಟ್ಟೆ. ಅವಳು ತಟ್ಟಿ ನೋಡಿದಳು. ನೋಡುತ್ತ ನೋಡುತ್ತ ಅಳಲು ಶುರುಮಾಡಿದಳು.

"ನಾನು ಫೋಟೊ ಗಾಡಿಯೋಳು ಕಣವ್ವ. ನಿನ್ ಕಾರ್ಡು ತಂದೋಳು ಯಾರು?"

"ನನ್ ವಾರಗಿತ್ತಿ ಈರಮ್ಮ. ನಾನೇ ಕೊಟ್ಟೆ ಅಕ್ಕ. ಪಾಪ, ಅಷ್ಟ್ ದೂರ ನಡ್ಕಂಡ್ ಬಂದು ಕೇಳುದ್ಲು. ಕಾರ್ಡ್ ಕಿತ್ಕಂತಾರಾ? ಕೇಸ್ ಹಾಕ್ತಾರಾ? ಫೋನ್ ಬಂದಾಗ ಆ ಹೆದ್ರಿಕೆಗೇ ಆಸ್ಪತ್ರೆಗೆ ಹೋದೆ. ಅಲ್ಲಿ ನಿಂಗೇನೂ ಇಲ್ಲ ಅಂದಾಗ್ಲೇ ನಂಗೆ ಗೊತ್ತಾತು, ಐತೆ ಅಂದಿದ್ದು ಅವ್ಳಿಗೆ ಅಂತ. ಬಾಯಿ ಬಿಡಾಕೆ ಹೆದ್ರಿಕೆ ಆತು. ನಿನ್ನೆಯಿಂದ ಒಂದ್ ತುತ್ತು ಒಳಗೆ ಹೋಗಿಲ್ಲ."

"ಯಾರೂ ಕಿತ್ಕಳಲ್ಲ. ನಾನ್ ಬಿಡಲ್ಲ. ಅವ್ಳು ಎಲ್ಲವ್ಳೆ ಹೇಳು."

"ಮಾರಿಕಣಿವೆ ಕಡೆಗೆ ಹೋದ್ರು, ಈಗೆಲ್ಲವ್ರೋ. ಅವ್ರ ಫೋನು ಸತ್ ಬಿದ್ದೈತೆ. ಕುರಿ ಹಿಂದೆ ಹೋದೋರಿಗೆ ಕರೆಂಟ್ ಎಲ್ಲೈತೆ?"

'ನಾನ್ ಬಿಡಲ್ಲ' ಎಂದು ಹೇಳಿದ್ದು ನಾನು. ಆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಆದರೆ ವ್ಯಾಪಾರದಲ್ಲಿ ಮೊದಲು ಮಾತು ಕೊಟ್ಟು ಆಮೇಲೆ ಸರಕು ಹೊಂದಿಸುವುದು ನನಗೆ ಹೊಸದಲ್ಲ.

ಕುರಿಗಾರರನ್ನು ಹುಡುಕುವುದು ಹೇಗೆ? ದನದ ಔಷಧಿ ಅಂಗಡಿಯಲ್ಲಿ. ಕುರಿಗೆ ಜಂತಿನ ಔಷಧಿ ಕುಡಿಸದೆ ಯಾವ ಕುರಿಗಾರನೂ ಊರು ದಾಟುವುದಿಲ್ಲ. ಹೊಸದುರ್ಗದ ಅಂಗಡಿಯವನು ಆ ಮಂದೆ ಮುಂದೆ ಹೋಯಿತು ಎಂದ. ಮಾರಿಕಣಿವೆಯ ಹೋಟೆಲಿನವನು, ಎರಡು ದಿನ ಡ್ಯಾಮಿನ ಹಿನ್ನೀರಿನ ಪಕ್ಕ ಇದ್ದರು, ಆದಿವಾಲದ ಕಡೆ ಯಾರೋ ಹೊಲದಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿಕೊಂಡಿದ್ದಾರೆ ಎಂದ. ಎರಡನೇ ದಿನ ಮಧ್ಯಾಹ್ನ ಆದಿವಾಲದ ಆಚೆ, ಕಟಾವಾದ ಹೊಲದಲ್ಲಿ ಬಲೆ ಕಟ್ಟಿದ ಕುರಿ ರೊಪ್ಪ ಕಂಡಿತು.

ಈರಮ್ಮ ಕುಕ್ಕುರುಗಾಲಲ್ಲಿ ಕುಳಿತು ಈದ ಕುರಿಗಳ ಕೆಚ್ಚಲು ಮುಟ್ಟಿ ನೋಡುತ್ತಿದ್ದಳು. ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಬೆರಳ ತುದಿಯಲ್ಲಿ ಸುತ್ತ ಒತ್ತಿ, ಬಿಸಿ ಇದೆಯೇ ಗಂಟು ಇದೆಯೇ ಎಂದು ನೋಡಿ ಬಿಡುತ್ತಿದ್ದಳು. ನಮ್ಮ ತರಬೇತಿಯಲ್ಲಿ ರಬ್ಬರಿನ ಗೊಂಬೆ ಇಟ್ಟು ಎರಡು ದಿನ ಕಲಿಸಿದ್ದನ್ನು ಅವಳು ಒಂದು ಕುರಿಗೆ ಅರ್ಧ ನಿಮಿಷದಲ್ಲಿ ಮಾಡುತ್ತಿದ್ದಳು.

ನನ್ನನ್ನು ಕಂಡು ಎದ್ದು ನಿಂತಳು. ನಾನು ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು, "ಬಲಗಡೆ ಅಲ್ವೇನಕ್ಕ?"

"ನಿಂಗೆ ಗೊತ್ತಿತ್ತಾ?"

"ದಿನಾ ನೂರು ಕೆಚ್ಲು ಮುಟ್ಟೋ ಕೈ ಇದು. ನನ್ ಮೈ ನಂಗೆ ಗೊತ್ತಾಗಲ್ವಾ? ಗೊತ್ತಾಗಿದ್ಕೇ ಬಂದೆ. ಕುರಿಗೆ ಗಂಟಾದ್ರೆ ಡಾಕ್ಟ್ರು ಕಾರ್ಡ್ ಕೇಳಲ್ಲ, ಕುರಿನೇ ನೋಡ್ತಾರೆ."

ಅವಳು ಜಗಳಕ್ಕೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು.

ಅಷ್ಟರಲ್ಲಿ ಅವಳ ಗಂಡ ಕೆಂಚಪ್ಪ ಬಂದ. ಜೊತೆಗೆ ಬೇರೆ ಮಂದೆಯ ಮೂವರು ಗಂಡಸರು. ವಿಷಯ ಹೇಳಿದೆ. ಅವನ ಮುಖ ಸಣ್ಣಗಾಯಿತು. ಆದರೆ ಮೂವರ ಎದುರಿಗೆ ನಿಂತ ಗಂಡಸು ಬೇರೆ ತರಹ ಮಾತಾಡುತ್ತಾನೆ.

"ಕುರಿ ಈಯೋ ಹೊತ್ತು ಕಣಮ್ಮ. ಅಡಿಗೆ ಯಾರ್ ಮಾಡ್ತಾರೆ? ಮರಿ ಯಾರ್ ನೋಡ್ತಾರೆ? ಮಂದೆ ಊರಿಗೆ ತಿರುಗ್ಲಿ, ಆಮೇಲೆ ಕಳಿಸ್ತೀನಿ."

"ಯಾವಾಗ ತಿರುಗ್ತೈತೆ?"

"ಮಳೆ ಬಂದ್ಮೇಲೆ."

ಮಳೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ನಾನು ಅವನ ಹೆಗಲ ಮೇಲಿನ ಟವಲ್ಲು ನೋಡಿದೆ. ಸಂತೆಯಲ್ಲಿ ಕುರಿ ವ್ಯಾಪಾರ ನೋಡಿದವರಿಗೆ ಗೊತ್ತು. ಕೊಡುವವನೂ ಕೊಳ್ಳುವವನೂ ಟವಲ್ಲಿನ ಅಡಿಯಲ್ಲಿ ಕೈ ಹಾಕಿ, ಬೆರಳು ಹಿಡಿದು ರೇಟು ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದಿಲ್ಲ. ಸೋತವನಿಗೂ ಮರ್ಯಾದೆ ಉಳಿಯುತ್ತದೆ.

"ಕೆಂಚಪ್ಪ, ಟವಲ್ ಹಾಕು. ದಿನದ ವ್ಯಾಪಾರ ಮಾಡಾಣ. ಈರಮ್ಮನ ಎಷ್ಟ್ ದಿನ ಬಿಡ್ತೀಯ ಹೇಳು."

ಮೂವರೂ ಹೋ ಎಂದು ನಕ್ಕರು. "ಲೇ ಕೆಂಚ, ಹೆಂಗ್ಸು ಕೈ ಚಾಚ್ಯಾಳೆ, ಹಾಕಲೇ ಟವಲ್ಲು!" ಎಂದು ಒಬ್ಬ ಕೆಣಕಿದ. ಅವನು ನಾಚಿಕೊಂಡೇ ಟವಲ್ಲು ಹರಡಿದ. ಕೈ ಒಳಗೆ ಹಾಕಿದೆ. ಅವನು ನನ್ನ ಎರಡು ಬೆರಳು ಹಿಡಿದ. ಎರಡು ದಿನ. ನಾನು ಅವನ ಐದೂ ಬೆರಳು ಹಿಡಿದು ಎರಡು ಸಲ ಅದುಮಿದೆ. ಹತ್ತು. ಅವನು ಕೈ ಕಿತ್ತುಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ನಾಲ್ಕು ಹಿಡಿದ. ನಾನು ಮತ್ತೆ ಐದು, ಮತ್ತೆ ಐದು. ಹಿಡಿದೇ ಇದ್ದೆ. ಅವನ ಅಂಗೈ ಬೆವೆತಿತ್ತು. ಮೇಲೆ ನಗುತ್ತಿದ್ದ, ಟವಲ್ಲಿನ ಒಳಗೆ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಆಗ ಗೊತ್ತಾಯಿತು, ಇವನು ಜುಗ್ಗನಲ್ಲ, ಹೆದರಿದ್ದಾನೆ.

"ನಿನ್ ಕಷ್ಟಕ್ಕೂ ಒಂದ್ ದಾರಿ ಐತೆ" ಎಂದು ಮೆಲ್ಲಗೆ ಹೇಳಿದೆ. "ಅಡಿಗೆಗೆ, ಮರಿಗೆ ತಿಪ್ಪಮ್ಮನ ಕಳಿಸ್ತೀನಿ. ನಾಳೆ ಬಸ್ಸಿಗೇ."

ಅವನು ಹೆಂಡತಿಯ ಮುಖ ನೋಡಿದ. ಟವಲ್ಲಿನ ಒಳಗೆ ನನ್ನ ಐದು ಬೆರಳನ್ನು ಎರಡು ಸಲ ಅದುಮಿ, ಹೊರಗೆ ಎಲ್ಲರಿಗೂ ಕೇಳುವಂತೆ, "ಏನೋ, ಅಮ್ಮ ಇಷ್ಟ್ ದೂರ ಬಂದವ್ರೆ" ಎಂದ. ಎಷ್ಟಕ್ಕೆ ಕುದುರಿತು ಎಂದು ಆ ಮೂವರಿಗೆ ಇವತ್ತಿಗೂ ಗೊತ್ತಿಲ್ಲ.

ತಿಪ್ಪಮ್ಮ ಎರಡು ಮಾತು ಆಡಲಿಲ್ಲ. "ಅವ್ಳು ನನ್ ಹೆಸ್ರಲ್ಲಿ ಹೋದ್ಲು, ನಾನ್ ಅವ್ಳ ಜಾಗಕ್ಕೆ ಹೋಗ್ತೀನಿ" ಎಂದು ಮರುದಿನ ಸೀರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು.

ಎರಡನೇ ಚೌಕಾಸಿ ಪ್ರಭಾಕರ್ ಸರ್ ಜೊತೆ. ಈರಮ್ಮನ ವರದಿ ತಿಪ್ಪಮ್ಮನ ಹೆಸರಲ್ಲಿತ್ತು. ಅದು ಸರಿಯಾಗದೆ ಮುಂದಿನ ಪರೀಕ್ಷೆಯ ಕಾಗದ ಹೊರಡುವಂತಿರಲಿಲ್ಲ.

"ಜಯಮ್ಮ, ಇದು ಮೋಸ ಆಗುತ್ತೆ. ಇನ್ನೊಬ್ಬರ ಕಾರ್ಡು ಬಳಸಿದ್ದಾರೆ. ನಾನು ಮೇಲಕ್ಕೆ ಬರೀಲೇಬೇಕು."

"ಬರೀರಿ ಸರ್. ಮೊದಲನೇ ಸಾಲಲ್ಲಿ ನನ್ನ ಹೆಸರು ಬರೀರಿ. ಕಾರ್ಡಿನ ಮುಖಾನೂ ನೋಡಿ, ಎದುರಿಗಿದ್ದ ಮುಖಾನೂ ನೋಡಿ, ಸೀಲು ಒತ್ತಿದೋಳು ನಾನು. ಅವಳು ಮೊದಲು ನಿಜಾನೇ ಹೇಳಿದ್ಲು, ಕಾರ್ಡಿಲ್ಲ ಅಂತ. ನಿಜ ಹೇಳಿದಾಗ ವಾಪಸ್ ಕಳಿಸಿದ್ವಿ. ಸುಳ್ಳು ತಂದಾಗ ಒಳಗೆ ಬಿಟ್ವಿ."

ಅವರು ಪೆನ್ನು ಕೆಳಗಿಟ್ಟರು. ನಾನು ಎರಡು ಸಾಲು ಬರೆದು ತಂದಿದ್ದೆ: ಮೇಜಿನಲ್ಲಿ ಗುರುತು ತಪ್ಪಾಗಿ ನಮೂದಾಗಿದೆ, ಹೊಣೆ ನನ್ನದು. ಸಹಿ ಹಾಕಿ ಮುಂದಿಟ್ಟೆ. ಕೆಲಸ ಹೋಗಬಹುದಿತ್ತು. ಹೋದರೆ ಬುಟ್ಟಿ ಹೇಗೂ ಅಟ್ಟದಿಂದ ಇಳಿದಿತ್ತು. ಅವರು ಓದಿ, ವರದಿಯ ಹೆಸರು ತಿದ್ದಲು ಸಹಿ ಹಾಕಿದರು. ತಿಪ್ಪಮ್ಮನ ಕಾರ್ಡಿನ ಸುದ್ದಿ ಅಲ್ಲಿಗೇ ನಿಂತಿತು.

ಗೆದ್ದ ಕೂಡಲೇ ಏಳಬಾರದು, ಇನ್ನೊಂದು ಕೇಳಬೇಕು. ಅದು ಮೂರನೇ ಚೌಕಾಸಿ.

"ಸರ್, ಇನ್ನು ಮೂರು ಕ್ಯಾಂಪು ಮೇಜನ್ನು ಹಿಂಬಾಗಿಲಿಗೆ ಹಾಕ್ತೀನಿ."

"ಕಾರ್ಡಿನ ಮಾಹಿತಿ ನನಗೆ ಬೇಕೇ ಬೇಕು ಜಯಮ್ಮ."

"ಸಿಗುತ್ತೆ. ಮುಂದೆ ಕೇಳಿದ್ರೆ ಇಲ್ಲದೋಳು ಓಡಿಹೋಗ್ತಾಳೆ, ಇಲ್ಲಾ ಸುಳ್ಳು ಹೇಳ್ತಾಳೆ. ಫೋಟೊ ಆದ್ಮೇಲೆ ಹಿಂದೆ ಕೇಳಿದ್ರೆ ಇಲ್ಲ ಅಂತ ನಿಜ ಹೇಳ್ತಾಳೆ. ಯಾರಿಗೆ ಇಲ್ಲ ಅಂತ ಗೊತ್ತಾದ್ರೆ ತಾನೇ ಮಾಡಿಸಿಕೊಡೋಕಾಗೋದು? ಮೂರು ಕ್ಯಾಂಪಲ್ಲಿ ಹೆಂಗಸರು ಕಮ್ಮಿ ಆದ್ರೆ ಮೇಜನ್ನ ಎಲ್ಲಿ ಬೇಕಾದ್ರೂ ಹಾಕಿ, ನಾನು ಕೇಳಲ್ಲ."

ಮೂರನೇ ಕ್ಯಾಂಪಿಗೆ ಅವರೇ ನೋಡಲು ಬಂದರು. ಸಾಲು ಶಾಲೆಯ ಗೋಡೆ ದಾಟಿ ಬೇವಿನ ಮರದ ತನಕ ಹೋಗಿತ್ತು. ಮುಂದಿನ ತಿಂಗಳು ಬಂದ ಹೊಸ ರಿಜಿಸ್ಟರಿನಲ್ಲಿ 'ಕಾರ್ಡು ಇಲ್ಲ, ಮಾಡಿಸಬೇಕು' ಎಂದು ಒಂದು ಹೊಸ ಕಾಲಂ ಇತ್ತು. ಅದನ್ನು ಹಾಕಿಸಿದ್ದು ಅವರೇ. ಮೇಲಿನವರನ್ನು ಬೈಯುವುದು ಸುಲಭ, ಅವರಿಗೆ ಗೆದ್ದ ಹಾಗೆ ಕಾಣಿಸುವ ದಾರಿ ಹುಡುಕಿಕೊಡಿ. ಟವಲ್ಲು ಅವರಿಗೂ ಬೇಕು.

ಈರಮ್ಮನ ಗಂಟು ಕ್ಯಾನ್ಸರೇ ಎಂದು ಪರೀಕ್ಷೆಯಲ್ಲಿ ಬಂತು. ಆದರೆ ಸಣ್ಣದು, ಬೇರೆ ಕಡೆ ಹಬ್ಬಿರಲಿಲ್ಲ. ಮಳೆ ಬರುವ ತನಕ ಕಾದಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದರು ಶೈಲಜಾ ಮೇಡಂ. ತುರ್ತು ಚಿಕಿತ್ಸೆ ಎಂದು ಅವರಿಂದ ಪತ್ರ ಬರೆಸಿ ಕಾರ್ಡಿಗೆ ಅರ್ಜಿ ಹಾಕಿಸಿದೆ. ನೆನಪಿಡಿ, ಡಾಕ್ಟರ ಪತ್ರ ಇಲ್ಲದ ಅರ್ಜಿ ಸಾಲಲ್ಲಿ ನಿಲ್ಲುತ್ತದೆ, ಇರುವ ಅರ್ಜಿ ಮೇಜಿಗೆ ಹೋಗುತ್ತದೆ. ಹಗ್ಗ ಎಳೆದು ಎಳೆದು ಅವಳ ಬೆರಳ ಗೆರೆ ಸವೆದಿತ್ತು, ಯಂತ್ರ ಹೆಬ್ಬೆಟ್ಟು ಹಿಡಿಯಲಿಲ್ಲ. ಕಣ್ಣಿನ ಗುರುತು ತಗೊಳ್ಳಿ ಎಂದು ಕೂತೆ. ತಗೊಂಡರು. ಆಪರೇಷನ್ನಿಗೆ ಮೊದಲು ಕಾರ್ಡು ಕೈಗೆ ಬಂತು. ಹತ್ತು ದಿನ ಎಂದು ಕುದುರಿಸಿದ್ದು ತಿಂಗಳುಗಳಾಯಿತು. ಕೆಂಚಪ್ಪ ಒಮ್ಮೆಯೂ ಲೆಕ್ಕ ಕೇಳಲಿಲ್ಲ. ತಿಪ್ಪಮ್ಮ ಮಂದೆ ಬಿಟ್ಟು ಬರಲಿಲ್ಲ. ಔಷಧಿಗೆ ಕೂದಲು ಉದುರಿದಾಗ ಈರಮ್ಮ ತಲೆ ಸವರಿಕೊಂಡು, "ನೋಡಕ್ಕ, ಉಣ್ಣೆ ಕತ್ರಿಸಿದ್ ಕುರಿ ಆದೆ. ಮತ್ತೆ ಬೆಳೀತೈತೆ ಬಿಡು" ಎಂದು ಎದುರಿನ ಹಾಸಿಗೆಯವಳನ್ನು ನಗಿಸಿದಳು.

ಮರುವರ್ಷ, ರಿಟೈರಾಗುವ ಮೊದಲು, ನನ್ನ ಕೊನೆಯ ಕ್ಯಾಂಪು ಆದಿವಾಲದಲ್ಲಿ ಬಿತ್ತು. ಊರು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಮಂದೆಗಳು ಆ ಕಡೆ ಇ‌ಳಿದಿದ್ದ ಕಾಲ. ಗಾಡಿಯ ಮುಂಬಾಗಿಲಲ್ಲಿ ಮೇಜಿಲ್ಲ. ನಾನು ಹಿಂದೆ ಕುಳಿತಿದ್ದೆ. ಮುಂದಿನಿಂದ ಒಂದು ಗಟ್ಟಿ ದನಿ ಕೇಳಿಸಿತು.

"ಏಯ್, ಕುಪ್ಸದಿಂದ ಕಾರ್ಡ್ ಯಾಕ್ ತೆಗೀತೀಯ? ಒಳಗಿಟ್ಕ. ಇಲ್ಲಿ ಯಾರೂ ಕೇಳಲ್ಲ. ಮೊದ್ಲು ಫೋಟೊ, ಆಮೇಲೆ ಕಾರ್ಡು. ಬರ್ರಿ, ಸಾಲಾಗಿ ಬರ್ರಿ!"

ಬಗ್ಗಿ ನೋಡಿದೆ. ಗಿಡ್ಡ ಕೂದಲು, ಹೆಗಲ ಮೇಲೆ ಕಂಬಳಿ. ಬೇರೆ ಬೇರೆ ಮಂದೆಗಳ ಹೆಂಗಸರನ್ನು ಈರಮ್ಮ ಕುರಿ ಅಟ್ಟಿದ ಹಾಗೆ ಅಟ್ಟಿಕೊಂಡು ಬಂದಿದ್ದಳು. ತಿಪ್ಪಮ್ಮನೂ ಇದ್ದಳು. ಎಲ್ಲರೂ ಒಬ್ಬೊಬ್ಬರಾಗಿ ಹತ್ತಿ ಹಿಂದಿನಿಂದ ಇಳಿದರು. ಕಾರ್ಡು ಇದ್ದವರು ತೋರಿಸಿದರು. ಇಲ್ಲದ ನಾಲ್ವರು ಇಲ್ಲ ಎಂದರು, ಹೊಸ ಕಾಲಂನಲ್ಲಿ ಬರೆದುಕೊಂಡೆ. ಕೊನೆಗೆ ವರ್ಷದ ಪರೀಕ್ಷೆ ಮುಗಿಸಿ ಅವಳೇ ಇಳಿದು ಬಂದು ನನ್ನ ಎದುರು ನಿಂತಳು.

ಅವಳ ಹೆಸರು ನನಗೆ ಗೊತ್ತಿಲ್ಲವೇ? ಆದರೂ ಪೆನ್ನು ಹಿಡಿದು ಕೇಳಿದೆ.

"ಹೆಸ್ರು?"

ಅವಳು ಈ ಸಲ ನೆಲ ನೋಡಲಿಲ್ಲ. ಒಂದೇ ಕೈಯಲ್ಲಿ ಕಾರ್ಡನ್ನು ಮೇಜಿನ ಮೇಲೆ ಟಪ್ಪನೆ ಇಟ್ಟು, ಆಚೆ ಮರದಡಿ ಕುಳಿತವರಿಗೂ ಕೇಳುವಂತೆ ಹೇಳಿದಳು.

"ಈರಮ್ಮ."

ಬರೆದುಕೊಂಡೆ. ನನ್ನ ರಿಜಿಸ್ಟರಿನ ಕೊನೆಯ ಹೆಸರು ಅದು.